ನಿಂತ ಮೊಣಕಾಲಿನ ಸಾಕ್ಷಿ

ನಿಮ್ಮ ಮನೆಯಲ್ಲಿ ಯಾರಾದರೂ 'ನೋವು' ಎಂದಾಗ ನೀವು ಮೊದಲು ಅವರ ಮುಖ ನೋಡುತ್ತೀರೋ, ಪುರಾವೆ ಕೇಳುತ್ತೀರೋ? ಅವಸರದಲ್ಲಿ ಉತ್ತರಿಸಬೇಡಿ. ಎರಡು ವರ್ಷ ನಾನು ಪುರಾವೆಯನ್ನೇ ಕೇಳಿದವನು. ಅದೂ ಹೆತ್ತ ತಾಯಿಯನ್ನು! ನನ್ನಿಂದ ಈ ತಪ್ಪೊಪ್ಪಿಗೆ ಬರೆಸಿದ ಮಹನೀಯರಾದರೋ ಮೂವತ್ತು ವರ್ಷಗಳಿಂದ ಒಬ್ಬರ ಮುಖವನ್ನೂ ನೆಟ್ಟಗೆ ನೋಡಿದವರಲ್ಲ. ಅವರು ನನ್ನ ಸೋದರಮಾವ. ರೋಣದ ಒಂದು ದವಾಖಾನೆಯಲ್ಲಿ ಎಕ್ಸ್‌ರೇ ತೆಗೆಯುವುದು ಅವರ ಉದ್ಯೋಗ. ಕೀಲುಗಳನ್ನು ಪ್ರೀತಿಸುವುದು ಅವರ ಧರ್ಮ.

ಪೇಟೆಯಲ್ಲಿ ಯಾರಾದರೂ ನಮಸ್ಕಾರ ಹೇಳಿದರೆ ಮಾಮಾ ಗುರುತು ಹತ್ತದೆ ಪಿಳಿಪಿಳಿ ನೋಡುತ್ತಾರೆ. ಆ ಮನುಷ್ಯ ಬೇಸರಪಟ್ಟು ನಾಲ್ಕು ಹೆಜ್ಜೆ ಮುಂದೆ ಹೋದನೋ, ಹಿಂದಿನಿಂದ ಕೂಗು ಕೇಳಿಸುತ್ತದೆ: "ಅರೇ, ಯಾವಗಲ್ ಊರಿನ ಎಡ ಮಣಕಾಲ ಅಲ್ಲೇನ್ರಿ ನೀವು! ಟ್ರ್ಯಾಕ್ಟರ್ ಮ್ಯಾಲಿಂದ ಜಿಗಿದಿದ್ರಲ್ಲ? ಹ್ಯಾಂಗದೀರಿ?" ದವಾಖಾನೆಯ ಎದುರಿನ ಬಳೆ ವ್ಯಾಪಾರಿ ಹುಸೇನಸಾಬರು ಒಮ್ಮೆ ನನ್ನೆದುರೇ ಅಲವತ್ತುಕೊಂಡರು: "ಇಪ್ಪತ್ತ ವರ್ಷ ಆತು, ನಿಮ್ಮ ಮಾಮಾಗ ನನ್ನ ಹೆಸರ ಗೊತ್ತಿಲ್ಲ ನೋಡ್ರಿ. 'ಬಲಗಡೆ ಭುಜ' ಅಂತ ಕರೀತಾರ!" ಮಾಮಾ ಕಿಂಚಿತ್ತೂ ನಾಚಲಿಲ್ಲ. "ನಿಮ್ಮ ಹೆಸರ ಈ ಊರಾಗ ಹತ್ತ ಮಂದಿಗೆ ಐತ್ರಿ ಸಾಬ್ರ. ಅಂಥಾ ಭುಜ ಒಬ್ಬರಿಗೇ ಐತಿ!"

ಸೂಡಿ ಗ್ರಾಮದ ಹಿರಿಯರೊಬ್ಬರು ಮೊಣಕಾಲಿನ ಎಕ್ಸ್‌ರೇಗೆಂದು ಹೊಸ ರುಮಾಲು ಸುತ್ತಿ, ಮೀಸೆ ತಿದ್ದಿ, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದರು. ಮೇಜಿನ ಮೇಲೆ ಮಲಗಿಸಿದರೂ ಗದ್ದ ಎತ್ತಿ ಮುಗುಳ್ನಗುತ್ತಲೇ ಇದ್ದರು.

"ಅಜ್ಜಾರ, ಇದರಾಗ ಮಾರಿ ಬರೂದಿಲ್ರಿ," ಎಂದರು ಮಾಮಾ.

"ಹಂಗಾರ ಇಷ್ಟ ತಯಾರಾಗಿ ಬಂದಿದ್ದು ದಂಡ ಆತಲ್ಲೋ!"

"ದಂಡ ಯಾಕ್ರಿ? ಮಣಕಾಲ ನಗಸ್ರಿ, ಅದಽ ಬರತೈತಿ!"

ಮಾಮಾನ ಈ ಶಾಸ್ತ್ರ ದವಾಖಾನೆಯ ಹೊಸ್ತಿಲಿಗೇ ನಿಂತಿದ್ದರೆ ನಾಡಿಗೆ ಕ್ಷೇಮವಿತ್ತು. ಗಜೇಂದ್ರಗಡದಲ್ಲಿ ನಮ್ಮ ಬಂಧುಗಳ ಮದುವೆ. ಇಡೀ ಬಳಗ ಫೋಟೋಗೆ ನಿಂತಿದೆ. ಮಾಮಾ ಫೋಟೋಗ್ರಾಫರನನ್ನು ಪಕ್ಕಕ್ಕೆ ಸರಿಸಿ ಆಜ್ಞೆ ಹೊರಡಿಸಿದರು: "ಭುಜಾ ಸಡಲ ಬಿಡ್ರಿ. ಗದ್ದ ಮ್ಯಾಲೆ. ಉಸುರ ಹಿಡೀರಿ. ಅಳ್ಳಾಡಬ್ಯಾಡ್ರಿ!" ಎಲ್ಲರೂ ಉಸಿರು ಹಿಡಿದರು. ಅಷ್ಟರಲ್ಲಿ ಮದುಮಗನ ಮೊಣಕೈ ಅವರ ಕಣ್ಣಿಗೆ ಬಿತ್ತು. ಅದನ್ನು ತಿರುಗಿಸಿ ಮಡಚಿ ಕೂಡಿಸುವ ಸಂಭ್ರಮದಲ್ಲಿ 'ಉಸಿರು ಬಿಡಿ' ಎನ್ನುವುದನ್ನೇ ಮರೆತರು! ಆ ಚಿತ್ರದಲ್ಲಿ ಇಂದಿಗೂ ನಲವತ್ತು ಜನ ಗಲ್ಲ ಉಬ್ಬಿಸಿ, ಕಣ್ಣು ಮೇಲೆ ಮಾಡಿ ನಿಂತಿದ್ದಾರೆ. ಅಷ್ಟಕ್ಕೇ ಮುಗಿಯಲಿಲ್ಲ. "ಎಲ್ಲಾರೂ ಬಾಜೂಕ ತಿರಗ್ರಿ, ಇನ್ನೊಂದ ತಗೀಬೇಕು!"

ಒಂದು ಚಿತ್ರ ಸಾಲದೇ ಎಂದು ನಾನು ಪ್ರತಿಭಟಿಸಿದೆ.

"ಕೀಲು ಅಂದ್ರ ಬಾಗಲ ಇದ್ದಂಗೋ ತಮ್ಮಾ," ಎಂದರು ಮಾಮಾ. "ಎದುರಿಗೆ ನಿಂತು ನೋಡಿದ್ರ ಮುಚ್ಚೇತೋ ಅರ್ಧಾ ತಗದೈತೋ ತಿಳಿಯೂದಿಲ್ಲ. ಬಾಜೂಕ ನಿಂತೂ ನೋಡಬೇಕು."

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಗೆದ್ದ ನಾನು ಈ ಮಾತಿಗೆ ನಕ್ಕೆ. ಅದು ನನಗೇ ಹೇಳಿದ ಮಾತೆಂದು ಆಗ ಹೇಗೆ ತಿಳಿಯಬೇಕು?

ನರಗುಂದದ ನಮ್ಮ ಮನೆಯಲ್ಲಿ ಅವ್ವ ನೆಲದ ಒಲೆಯ ಮುಂದೆ ಒಂದು ಕಾಲು ಮಡಚಿ, ಇನ್ನೊಂದನ್ನು ಎತ್ತಿಟ್ಟು, ದಿನವೂ ರೊಟ್ಟಿ ಬಡಿಯುತ್ತಿದ್ದಳು. ಎರಡು ವರ್ಷಗಳಿಂದ ಏಳುವಾಗ ಗೋಡೆ ಹಿಡಿಯತೊಡಗಿದ್ದಳು. ಬೇರೊಂದು ಊರಿನಲ್ಲಿ ಮಲಗಿಸಿ ತೆಗೆಸಿದ ಎಕ್ಸ್‌ರೇಯಲ್ಲಿ ವಿಶೇಷವೇನೂ ಕಾಣಲಿಲ್ಲ. ನಾನು ಆ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಅವ್ವನೆದುರು ವಾದ ಮಂಡಿಸಿದೆ: ಎಲುಬಿಗೆ ಎಲುಬು ಸರಿಯಿದೆ, ಆದ್ದರಿಂದ ನೋವು ಮನಸ್ಸಿನದು! ಅಂದು ಸಂಜೆ ನನಗೆ ಮಹಿಳೆಯರ ದುಡಿಮೆಯ ಬಗ್ಗೆ ಒಂದು ಉಪನ್ಯಾಸವಿತ್ತು, ಅವಸರದಲ್ಲಿದ್ದೆ. ಅವ್ವ ಸುಮ್ಮನಾದಳು. ಚರ್ಚಾಸ್ಪರ್ಧೆಯಲ್ಲಿ ಎದುರಾಳಿ ಸುಮ್ಮನಾದರೆ ಅದು ಗೆಲುವು. ಮನೆಯಲ್ಲಿ ತಾಯಿ ಸುಮ್ಮನಾದರೆ ಅದೇನೆಂದು ಯಾವ ಕಾಲೇಜೂ ನನಗೆ ಕಲಿಸಿರಲಿಲ್ಲ.

ಕೀಲುಗಳ ಕಾವಲುಗಾರ ಮಾಮಾ ಇದನ್ನೇಕೆ ಕಾಣಲಿಲ್ಲ? ತನ್ನ ತಮ್ಮನಾದ ಮಾಮಾ ಬಂದಾಗಲೆಲ್ಲ ಅವ್ವ ಒಲೆಯ ಮುಂದೆ ಕೂತೇ ಇರುತ್ತಿದ್ದಳು. ಅವರು ಹೋಗುವವರೆಗೆ ಏಳುತ್ತಿರಲಿಲ್ಲ. ಕೊನೆಗೆ ಅವಳ ಗುಟ್ಟು ಬಿಟ್ಟುಕೊಟ್ಟದ್ದು ಬಸ್ಸಿನ ಮೆಟ್ಟಿಲು. ಮಾಮಾನ ಬಸುರಿ ಮಗಳ ಕುಬಸದ ಕಾರ್ಯಕ್ಕೆಂದು ನಾವಿಬ್ಬರೂ ರೋಣಕ್ಕೆ ಹೋದೆವು. ಅವ್ವ ಬಾಗಿಲಿನ ಕಂಬಿ ಹಿಡಿದು, ಬಲಗಾಲನ್ನು ಮೊದಲು ಇಳಿಸಿ, ಎಡಗಾಲನ್ನು ಅದರ ಪಕ್ಕಕ್ಕೆ ತಂದು, ಮತ್ತೆ ಬಲಗಾಲನ್ನು ಇಳಿಸಿದಳು. ನಿಲ್ದಾಣದಲ್ಲಿ ಕಾಯುತ್ತಿದ್ದ ಮಾಮಾನ ನಗು ಅರ್ಧಕ್ಕೇ ನಿಂತಿತು.

"ಅಕ್ಕಾ, ಎಷ್ಟ ದಿನದಿಂದ ಹಿಂಗ?"

"ಏನಿಲ್ಲ ಬಿಡಪಾ. ಪೋಟೋದಾಗ ಏನೂ ಇಲ್ಲಂತ ನಿನ್ನ ಅಳಿಯಾ ಹೇಳ್ಯಾನ."

ಮಾಮಾ ನನ್ನ ಕಡೆ ನೋಡಿದರು. ಮುಖವನ್ನಲ್ಲ, ಕಾಲನ್ನು, ನಾನು ಯಾವುದರ ಮೇಲೆ ನಿಂತು ಆ ಮಾತು ಹೇಳಿದೆ ಎಂದು ಪರೀಕ್ಷಿಸುವವರಂತೆ.

ಮರುದಿನ ಬೆಳಿಗ್ಗೆ ವೈದ್ಯರಿಗೆ ತೋರಿಸಿ, ಅವರಿಂದ ಚೀಟಿ ಬರೆಸಿ, ಮಾಮಾ ಅವ್ವನನ್ನು ತಮ್ಮ ಕೋಣೆಗೆ ಕರೆದೊಯ್ದರು. ಮೇಜಿನ ಮೇಲೆ ಮಲಗಿಸದೆ ಗೋಡೆಗಿದ್ದ ಹಲಗೆಯ ಮುಂದೆ ನಿಲ್ಲಿಸಿದರು. "ಬೆನ್ನ ಹಿಂದ ಹಚ್ಚಕ್ಕ. ಕಾಲಿನ ಹೆಬ್ಬಟ್ಟ ಮುಂದ. ಭಾರ ಎರಡೂ ಕಾಲಿಗೆ ಸಮ ಹಾಕು."

"ಆ ಬಲಗಾಲಿಗೆ ಹಾಕಾಕ ಬರಂಗಿಲ್ಲೋ."

"ಒಂದಽ ಗಳಿಗೆ. ಖರೇ ಹೇಳಾಕ ಅದಕ್ಕೂ ಒಂದ ಅವಕಾಶ ಕೊಡು."

ಗಾಜಿನ ಆಚೆಯಿಂದ ನಾನು ನೋಡಿದೆ. ಅವ್ವ ಹಲಗೆಯ ಹಿಡಿಕೆಯನ್ನು ಬಿಗಿಯಾಗಿ ಹಿಡಿದು, ತುಟಿ ಕಚ್ಚಿ, ಯಾರೂ ಹೇಳದಿದ್ದರೂ ಉಸಿರು ಹಿಡಿದು ನಿಂತಳು. ಯಂತ್ರ ಸದ್ದು ಮಾಡಿತು. ಮದುವೆಯಲ್ಲಿ ನಲವತ್ತು ಜನರನ್ನು ಮರೆತಿದ್ದ ಮಾಮಾ ಈ ಸಲ ಮರೆಯಲಿಲ್ಲ. "ಉಸುರ ಬಿಡಕ್ಕಾ. ಮುಗೀತು."

ನನ್ನ ಫೋನಿನಲ್ಲಿದ್ದ ಹಳೆಯ ಫಿಲ್ಮಿನ ಚಿತ್ರ, ಹೊಸ ಚಿತ್ರ ಎರಡನ್ನೂ ಅಕ್ಕಪಕ್ಕ ಇಟ್ಟು ಮಾಮಾ ನನ್ನನ್ನು ಕರೆದರು. "ಎಲುಬಿನ ನಡಕ ಗಾದಿ ಇರತೈತಿ. ಅದು ಚಿತ್ರದಾಗ ಕಾಣೂದಿಲ್ಲ, ಅದರ ಸಂದಿ ಅಷ್ಟ ಕಾಣತೈತಿ. ಮಲಗಿದಾಗ ಸಂದಿ ಐತಿ, ನೋಡಿದಿ? ನಿಂತಾಗ ಎಲ್ಲೈತಿ, ತೋರ್ಸು."

ಬಲಗಾಲಿನ ಒಳಬದಿಯಲ್ಲಿ ಸಂದಿ ಇರಲಿಲ್ಲ. ಎಲುಬು ಎಲುಬನ್ನು ಮುಟ್ಟಿತ್ತು.

"ಮಲಗಿದ ಮಣಕಾಲಿಗೆ ಸುಳ್ಳ ಹೇಳಾಕ ಬರತೈತಿ," ಎಂದರು ಮಾಮಾ. "ಭಾರ ಹೊತ್ತ ಮಣಕಾಲಿಗೆ ಬರೂದಿಲ್ಲ."

ಅವ್ವ ಅಳುತ್ತಾಳೆ ಎಂದುಕೊಂಡೆ. ಅವಳ ಮುಖ ಅರಳಿತು! ತಮ್ಮನನ್ನು ಬಿಟ್ಟು ನನ್ನತ್ತ ತಿರುಗಿ ಕೇಳಿದಳು: "ಹಂಗಾರ ನಾ ಸುಳ್ಳ ಹೇಳಿದ್ದಿಲ್ಲ, ಹೌದಲ್ಲೋ?"

ನಾನು 'ಹೌದವ್ವಾ' ಎಂದು ಅವಳ ಚಪ್ಪಲಿ ತಂದು ಕಾಲ ಬಳಿ ಇಟ್ಟೆ.

ಮಾಮಾ ಕೆಳಗೆ ಕುಕ್ಕರಿಸಿದರು. ಅವರ ಮೊಣಕಾಲೂ ಲಟಕ್ಕೆಂದಿತು, ಅವರು ಗಮನಿಸಲಿಲ್ಲ. ಅವ್ವನ ಪಾದವನ್ನು ಎತ್ತಿ ಚಪ್ಪಲಿಯೊಳಗೆ ಸೇರಿಸಿದರು, ಒಂದು, ಆಮೇಲೆ ಇನ್ನೊಂದು. ನಂತರ ಕೂತಲ್ಲಿಂದಲೇ ತಲೆ ಎತ್ತಿ ಅವಳ ಮುಖ ನೋಡಿದರು. ನೋಡುತ್ತಲೇ ಇದ್ದರು.

"ಅಕ್ಕಾ, ಭಾಳ ವಯಸ್ಸಾತಲ್ಲ ನಿನಗ."

"ಮೂವತ್ತ ವರ್ಷಕ್ಕ ಒಮ್ಮೆ ಮಾರಿ ನೋಡಿದಿ ಖೋಡಿ, ಅದನ್ನಽ ಹೇಳಬೇಕೇನು?" ಎಂದು ಅವ್ವ ಅವರ ತಲೆಯ ಮೇಲೆ ಕೈಯಿಟ್ಟಳು. ಕೈ ಅಲ್ಲಿಯೇ ಉಳಿಯಿತು.

ಈಗ ನಮ್ಮ ಮನೆಯಲ್ಲಿ ಒಲೆ ಕಟ್ಟೆಯ ಮೇಲೆ ಏರಿದೆ. ಅವ್ವ ಕುರ್ಚಿಯಲ್ಲಿ ಕೂತು ಆಜ್ಞೆ ಕೊಡುತ್ತಾಳೆ, ನಾನು ನಿಂತು ರೊಟ್ಟಿ ಬಡಿಯುತ್ತೇನೆ. ನನ್ನ ರೊಟ್ಟಿಗಳಿಗೆ ಮುಂಭಾಗವೂ ಇಲ್ಲ, ಪಾರ್ಶ್ವವೂ ಇಲ್ಲ ಎಂಬುದು ಮಾಮಾನ ಅಭಿಪ್ರಾಯ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ನಿಮ್ಮ ಮನೆಯಲ್ಲಿ ಯಾರಾದರೂ ಮೊಣಕಾಲು ನೋವು ಎಂದರೆ ವೈದ್ಯರ ಬಳಿ ಕರೆದುಕೊಂಡು ಹೋಗಿ. ಎಕ್ಸ್‌ರೇ ಬರೆದುಕೊಟ್ಟರೆ ನಿಲ್ಲಿಸಿ ತೆಗೆಯಬೇಕೇ ಎಂದು ಒಂದು ಮಾತು ಕೇಳಿ. ಚಿತ್ರ ಬರುವವರೆಗೆ ಕಾಯದೆ, ದಯವಿಟ್ಟು, ಅವರನ್ನು ನಂಬಿ.