ಬೆಂಚಿಗೆ ಬಂದವರೂ ನನ್ನ ಅನುಮಾನವೂ

ಗೇಟು ಕಾಯುವವನಿಗೆ ಇಂಥವು ಆಗುತ್ತಲೇ ಇರುತ್ತವೆ. ಅದರಲ್ಲೂ ನನ್ನಂಥ ಅನುಮಾನದ ಪ್ರಾಣಿಯನ್ನು ಗೇಟಿಗೆ ಹಾಕಿದರೆ ಕೇಳಲೇಬೇಡಿ.

ಎಪ್ಪತ್ತರ ದಶಕದ ಕೊನೆ. ತುಮಕೂರಿನ ಫುಟ್‌ಬಾಲ್ ಟೂರ್ನಮೆಂಟಿಗೆ ನಾನು ಗೇಟಿನವನು. ಆ ವರ್ಷ ಕಮಿಟಿಯವರು ಅಂಗವಿಕಲರಿಗೆಂದು ಆಟದ ಗೆರೆ ಪಕ್ಕದಲ್ಲೇ ಬೆಂಚು ಹಾಕಿಸಿದರು. ಅಷ್ಟು ಒಳ್ಳೆ ಜಾಗ ಅಂದಮೇಲೆ ಅರ್ಧ ಊರು ಕುಂಟಿಕೊಂಡು ಬರುತ್ತೆ ಅಂತ ನನಗೆ ಖಾತ್ರಿಯಾಗಿತ್ತು.

೧. ಹೊಸ ಕೋಲು

ಮೊದಲು ಬಂದವರು ಗುಬ್ಬಿಯ ಟೈಲರ್. ಕಂಕುಳಲ್ಲಿದ್ದ ಊರುಗೋಲು ಹೊಚ್ಚ ಹೊಸದು. ನನಗೆ ಅನುಮಾನ ಬಂತು. ಕೋಲು ಬಿಟ್ಟು ನಾಲ್ಕು ಹೆಜ್ಜೆ ನಡೆದು ತೋರಿಸಿ ಅಂದೆ. ಅವರು ತಕರಾರು ಮಾಡದೆ ಕೋಲನ್ನು ನನ್ನ ಕೈಗಿತ್ತು, ಗೇಟಿಗೆ ಅಡ್ಡಲಾಗಿ ನೆಲದ ಮೇಲೆ ಕೂತುಬಿಟ್ಟರು. ವಾಪಸ್ ಕೊಟ್ಟರೆ ತಗೊಳ್ಳಲಿಲ್ಲ. ಹಿಂದಿದ್ದ ಜನ ನನಗೇ ಬೈಯತೊಡಗಿದರು. ಕೊನೆಗೆ ನಾನೇ ಎತ್ತಿಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸಿದೆ. ಒಳ್ಳೆ ಭಾರದ ಆಸಾಮಿ. ನಾನು ಏದುಸಿರು ಬಿಡುತ್ತಿದ್ದರೆ ಅವರು ಮೆಲ್ಲಗೆ ಕೇಳಿದರು, "ನಾಳೇನೂ ಗೇಟಲ್ಲಿ ನೀವೇ ಇರ್ತೀರಾ ಸಾರ್?"

೨. ಕಣ್ಣಿಲ್ಲದವರ ಆಫ್‌ಸೈಡ್

ಕುಣಿಗಲ್‌ನಿಂದ ಕಣ್ಣು ಕಾಣದ ಒಬ್ಬರು ಬಾಮೈದನ ಜೊತೆ ಬಂದರು. ಕುರುಡರಿಗೆ ಫುಟ್‌ಬಾಲ್ ಯಾಕೆ? ಒಳಗೆ ಬಿಟ್ಟೆ, ಆದರೆ ಹಿಂದೆಯೇ ನಿಂತು ಕಣ್ಣಿಟ್ಟೆ. ಬಾಮೈದ ಒಂದೇ ಸಮನೆ ಆಟ ಹೇಳುತ್ತಿದ್ದ. ಇದ್ದಕ್ಕಿದ್ದಂತೆ ಇವರು ಆಫ್‌ಸೈಡ್ ಅಂದರು. ಆಮೇಲೆ ರೆಫರಿ ಸೀಟಿ ಊದಿದ.

ಸಿಕ್ಕಿಬಿದ್ದ ಕಳ್ಳ ಅಂದುಕೊಂಡು ಅವರ ಮುಂದೆ ಹೋಗಿ ನಿಂತು ಕಣ್ಣೆದುರಿಗೆ ಕೈ ಆಡಿಸಿದೆ. ರೆಪ್ಪೆ ಕದಲಲಿಲ್ಲ. ಗಾಬರಿಯಿಂದ ಬಾಮೈದ ಆಟ ಹೇಳೋದನ್ನೇ ನಿಲ್ಲಿಸಿಬಿಟ್ಟ.

"ಯಾರ್ರೀ ಅಡ್ಡ ನಿಂತಿರೋದು?" ಅಂದರು ಅವರು. "ಆ ಕಡೆ ಸರೀರಿ, ನಂಗೆ ಆಟ ಕಾಣ್ತಾ ಇಲ್ಲ."

೩. ಸರ್ಟಿಫಿಕೇಟು

ಎರಡು ಸಲ ಮುಖಭಂಗವಾದರೂ ನನಗೆ ಬುದ್ಧಿ ಬರಲಿಲ್ಲ. ಫೈನಲ್ ದಿನ ನಾನೇ ಒಂದು ರೂಲು ಮಾಡಿದೆ, ಡಾಕ್ಟರ ಸರ್ಟಿಫಿಕೇಟ್ ಇಲ್ಲದೆ ಬೆಂಚಿಲ್ಲ ಅಂತ. ಪೋಲಿಯೊ ಆದ ಮಗಳನ್ನು ಹೆಗಲ ಮೇಲೆ ಹೊತ್ತು ಬಂದ ಒಬ್ಬ ಅಪ್ಪನನ್ನೂ ಸೇರಿಸಿ ಐದಾರು ಜನರನ್ನು ಬೇಲಿಯಾಚೆ ನಿಲ್ಲಿಸಿದೆ. ಆ ಮಗು ನನ್ನನ್ನೇ ನೋಡುತ್ತಿತ್ತು. ನಾನು ಆ ಕಡೆ ತಿರುಗಲಿಲ್ಲ.

ಅಷ್ಟರಲ್ಲಿ ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡ ಒಬ್ಬರು ಬಂದರು. ಇಸ್ತ್ರಿ ಪ್ಯಾಂಟು, ಜೇಬಲ್ಲಿ ಪೆನ್ನು. ಪಟ್ಟಿಯನ್ನು ಬಗ್ಗಿ ತಟ್ಟಿ ನೋಡಿ, ಸರ್ಟಿಫಿಕೇಟ್ ಕೇಳಿದೆ. ಇಲ್ಲ ಅಂದರು. ಹೋಗಿ ಡಾಕ್ಟರ ಹತ್ರ ಬರೆಸಿಕೊಂಡು ಬನ್ನಿ ಅಂದೆ.

"ಡಾಕ್ಟರು ಈಗ ಸಿಗಲ್ಲ ಕಣ್ರೀ. ಕಪ್ ಕೊಡೋಕೆ ಬಂದು ನಿಮ್ಮ ಗೇಟಲ್ಲಿ ನಿಂತವ್ರೆ."

ಅವರು ಬೈಯಲಿಲ್ಲ. ಬೇಲಿಯಾಚೆ ಇದ್ದವರನ್ನೆಲ್ಲ ಕರೆಸಿ, ಚೀಟಿ ಪುಸ್ತಕ ತೆಗೆದರು. ಬರೆಯಲು ಮೇಜಿಲ್ಲ. ನನ್ನನ್ನು ಬಗ್ಗಿ ನಿಲ್ಲಲು ಹೇಳಿ, ಬೆನ್ನ ಮೇಲೆ ಪುಸ್ತಕ ಇಟ್ಟು ಒಬ್ಬೊಬ್ಬರಿಗೂ ನಿಧಾನವಾಗಿ ಬರೆದು ಸಹಿ ಹಾಕಿದರು. ಮೊದಲನೇ ಚೀಟಿ ಆ ಮಗುವಿನದು. ಫೈನಲ್ ಶುರುವಾಗಲು ಚೀಫ್ ಗೆಸ್ಟೇ ಬರಬೇಕಿತ್ತಲ್ಲ, ಎರಡೂ ಟೀಮು ಮೈದಾನದಲ್ಲಿ ಕಾಯುತ್ತಾ ನನ್ನ ಬೆನ್ನನ್ನೇ ನೋಡುತ್ತಿದ್ದವು.

ಎಲ್ಲರೂ ಒಳಗೆ ಹೋದಮೇಲೆ ನೆಟ್ಟಗಾಗಲು ನೋಡಿದೆ. ಸೊಂಟ ಹಿಡಿದುಕೊಂಡಿತ್ತು, ಆಗಲಿಲ್ಲ. ಡಾಕ್ಟರು ಪೆನ್ನಿನ ಮುಚ್ಚಳ ಮತ್ತೆ ತೆಗೆದರು.

"ಹಾಗೇ ಇರಿ, ನಿಮಗೂ ಒಂದು ಬರೆದುಬಿಡ್ತೀನಿ. ಬೆಂಚಲ್ಲಿ ಇನ್ನೂ ಒಂದು ಜಾಗ ಇದೆ."