ಸೋದರಮಾವನ ಸೊಟ್ಟ ಸಂಗೀತ

ನನ್ನ ಸೋದರಮಾವನಿಗೆ ಸಂಗೀತದ ಗಂಧವಿಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಗಂಧವಿದೆ, ಕಡಲೆಕಾಯಿ ಹಿಂಡಿಯದು! ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲು ನಡೆಸುತ್ತಲೇ ತಲೆ ನರೆಸಿಕೊಂಡ ಈ ಮಹಾನುಭಾವರು, ಇಳಿವಯಸ್ಸಿನಲ್ಲಿ ಜಗತ್ತಿನ ಸಕಲ ಗಾನವನ್ನೂ ತ್ಯಜಿಸಿ ಒಂದೇ ಒಂದು ಆಲ್ಬಮ್ಮಿಗೆ ಶರಣಾಗಿದ್ದಾರೆ. ನಮ್ಮ ಅವ್ವನ ಕಿವಿಗೆ ಡಾಕ್ಟರಿಂದಾಗದ ಉಪಕಾರ ಆ ಆಲ್ಬಮ್ಮಿನಿಂದ ಆಯಿತೆಂದರೆ ನೀವು ನಗುತ್ತೀರಿ. ನಗಿ, ನಾನೂ ಮೊದಲು ನಕ್ಕವನೇ.

ಅದರ ಜಾತಿ ‘ಸೈಕೆಡೆಲಿಕ್ ಇಂಡಿ ಪಾಪ್, ಅದರಲ್ಲೂ ಪ್ರಯೋಗಾತ್ಮಕ’ ಎಂದು, ಪೆನ್‌ಡ್ರೈವನ್ನು ಕಾರಿನಲ್ಲಿ ಮರೆತುಹೋದ ಮಾವನ ಮಗಳು ಫೋನಿನಲ್ಲಿ ಬೋಧಿಸಿದಳು. ನನ್ನ ಅಲ್ಪಮತಿಗೆ ತೋಚಿದ್ದಿಷ್ಟು: ಹಾಡುವವನು ಬಾವಿಯೊಳಗಿದ್ದಾನೆ, ಗಿಟಾರು ನೀರಲ್ಲಿ ನೆನೆಯುತ್ತಿದೆ, ಡ್ರಮ್ಮು ಹಿಂದುಹಿಂದಕ್ಕೆ ನಡೆಯುತ್ತಿದೆ.

ಮೊದಲ ಸಲ ಅದು ಮೊಳಗಿದಾಗ ಸ್ಪೀಕರ್ ಕೆಟ್ಟಿತೆಂದು ಮಾವ ಕಾರನ್ನು ನೇರ ಮೆಕ್ಯಾನಿಕ್ಕನಲ್ಲಿಗೆ ಒಯ್ದರು. ಆ ಪುಣ್ಯಾತ್ಮ ನಾಲ್ಕೂ ಬಾಗಿಲು ಬಿಚ್ಚಿ, ಮತ್ತೆ ಜೋಡಿಸಿ, ಬೆವರೊರೆಸಿಕೊಂಡು ತೀರ್ಪಿತ್ತ: “ಸ್ಪೀಕರ್ ಚೆನ್ನಾಗೈತಣ್ಣ. ಹಾಡೇ ಹಂಗೈತೆ.”

ಬೇರೆಯವರಾಗಿದ್ದರೆ ಪೆನ್‌ಡ್ರೈವ್ ಕಿತ್ತೆಸೆಯುತ್ತಿದ್ದರು. ಮಾವ ಭಕ್ತರಾದರು!

“ಲೇ, ಕೆಟ್ಟ ಮಿಷನ್ನು ಹೆಂಗೆಂಗೋ ಬಡ್ಕಂತೈತೆ. ಇದು ನೋಡು, ಪ್ರತಿ ಸಲಾನೂ ಅದೇ ಜಾಗದಾಗೆ ಕೆಡ್ತೈತೆ! ಕೆಡಿಸಬೇಕಂತಾನೇ ಕುಂತು ಕೆಡಿಸ್ಯಾರೆ. ಎಂಥ ಕೆಲಸಗಾರರಿರಬೇಕು!”

ಸಂಗೀತ ವಿಮರ್ಶೆ ಎಂದರೆ ಇನ್ನೇನು ಸ್ವಾಮಿ?

ಮುಂದೆ ಆಲ್ಬಮ್ಮು ಮಿಲ್ಲನ್ನೂ ಪಾವನಗೊಳಿಸಿತು. ಹಾಡು ರಂಗೇರುತ್ತಿದ್ದಂತೆ ಹಮಾಲನೊಬ್ಬ ಮೂಟೆ ಬಿಸಾಕಿ ಓಡಿಬಂದು ಮೇನ್ ಸ್ವಿಚ್ ಇಳಿಸಿಬಿಟ್ಟ.

“ಬೇರಿಂಗ್ ಕಿತ್ಕಂಡೈತ್ರಿ ಧಣಿ!”

“ಅದು ಬೇರಿಂಗಲ್ಲಯ್ಯ, ಪಲ್ಲವಿ!”

ಇತ್ತ ನಮ್ಮ ಮನೆಯಲ್ಲಿ ನಗು ಕಡಿಮೆಯಾಗಿತ್ತು. ಮಾವನಿಗೆ ಅಕ್ಕನಾದ ನನ್ನ ಅವ್ವ ಕಿವಿ ಮಂದವಾಗಿ, ಮೆಲ್ಲಗೆ ಮಾತಿನಿಂದಲೇ ದೂರ ಸರಿದು ಕೂತಿದ್ದಳು. ಕಿವಿಗೆ ಮಿಷನ್ ತಂದುಕೊಟ್ಟರೆ ಹಾಕಿದ ದಿನವೇ ಕಿತ್ತಿಟ್ಟಳು. “ಎಲ್ರೂ ಕೊಡದೊಳಗೆ ಕುಂತು ಮಾತಾಡ್ದಂಗೈತೆ. ತಟ್ಟೆ ಇಟ್ರೆ ಗುಡುಗು. ಕೆಟ್ಟೈತೆ ಇದು, ಬ್ಯಾಡ.” ದಿನಾ ಹಾಕಿದರೆ ಒಗ್ಗುತ್ತದೆ ಎಂದಿದ್ದರು ಡಾಕ್ಟರು, ಹಾಕಿದರೆ ತಾನೆ? ನಾನು ಕಿರುಚುವುದು, ಅವಳು ಸುಮ್ಮನೆ ತಲೆಯಾಡಿಸುವುದು. ಇಷ್ಟೇ ತಾಯಿ-ಮಗನ ಸಂವಾದ.

ಅಷ್ಟರಲ್ಲಿ ಮಾವನ ಮಗಳ ಮದುವೆ ಗೊತ್ತಾಯಿತು. ಮದುವೆ ಸೀರೆಯನ್ನು ಮೊಳಕಾಲ್ಮುರಿನ ನೇಕಾರರ ಮನೆಗೇ ಹೋಗಿ ಹೆಣ್ಣಿನ ತಂದೆಯ ಹಿರಿಯಕ್ಕನೇ ಆರಿಸಬೇಕೆಂಬುದು ನಮ್ಮಲ್ಲಿ ಪದ್ಧತಿ. “ಮಿಷನ್ ಹಾಕ್ಕಂಡ್ರೇನೇ ಗಾಡಿ ತೆಗಿಯಾದು” ಎಂದು ಮಾವ ಸ್ಟೀರಿಂಗ್ ಹಿಡಿದು ಸತ್ಯಾಗ್ರಹ ಕೂತರು. ಅವ್ವ ಗೊಣಗುತ್ತ ಹಾಕಿಕೊಂಡಳು. ಹಾಡು ಶುರುವಾಯಿತು. ಹೊರಗೆ ಬಿಸಿಲಿಗೆ ಬಯಲೆಲ್ಲ ನಡುಗುತ್ತಿತ್ತು. ಒಳಗೆ ಗಿಟಾರೂ ಹಾಗೇ ನಡುಗುತ್ತಿತ್ತು. ನನಗೂ ಅದು ಆವತ್ತೇ ಮೊದಲು ಚೆಂದ ಕೇಳಿಸಿತು, ಮಾವನಿಗೆ ಹೇಳಬೇಡಿ!

ಅವ್ವ ಹುಬ್ಬು ಗಂಟಿಕ್ಕಿದಳು. “ಲೇ ತಮ್ಮ, ನಿನಗೂ ಹಿಂಗೇ ಕೇಳ್ತೈತಾ? ಕೊಡದೊಳಗಿಂದ?”

“ಎಲ್ರಿಗೂ ಕೊಡದೊಳಗಿಂದಾನೇ ಕಣಕ್ಕ!”

“ಅಂದ್ರೆ ನನ್ನ ಕಿವಿ ಒಂದೇ ಹಿಂಗಲ್ಲ?”

“ಅಲ್ಲ. ಜನ ಬೇಕಂತಲೇ ಹಿಂಗೆ ಕೇಳಿ ಖುಷಿಪಡ್ತಾರೆ!”

ಅವ್ವ ಕಿಟಕಿಯಾಚೆ ನೋಡಿದಳು. ಆಮೇಲೆ ಅಂದಳು: “ಹಂಗಾದ್ರೆ ಇನ್ನೊಂದು ಸಲ ಹಾಕು.”

ಮೊಳಕಾಲ್ಮುರಿನಲ್ಲಿ ನೇಕಾರರು ಹೆಂಡತಿಗೆ ಮೆಲ್ಲಗೆ ತೆಲುಗಿನಲ್ಲಿ, “ಪಾತದಿ ಚೂಪಿಂಚು” ಎಂದರು. ಹಳೆಯದನ್ನೇ ತೋರಿಸು ಎಂದು. “ಪಾತದಿ ವದ್ದು, ಕೊತ್ತದೇ ತೀಯಿ!” ಅಂದಳು ಅವ್ವ, ಹಳೆಯದು ಬೇಡ, ಹೊಸದನ್ನೇ ತೆಗಿ ಎಂದು. ನೇಕಾರರೇ ಮೊದಲು ನಕ್ಕು, ಹೊಸ ಸೀರೆಗಳನ್ನು ಹರಡಿದರು.

ಅಂದಿನಿಂದ ಅವ್ವ ಮಿಷನ್ನನ್ನು ದಿನವೂ ಹಾಕಿಕೊಳ್ಳುತ್ತಾಳೆ. ಯಾವ ದೇಶದಲ್ಲಿದ್ದಾನೋ ಆ ಬಾವಿಯೊಳಗಿನ ಗಾಯಕ, ಅವನ ಹೊಟ್ಟೆ ತಣ್ಣಗಿರಲಿ. ಮಾವನದೂ.

ಮೊನ್ನೆ ಸಂಜೆ ಕೆಲಸ ಮುಗಿಸಿ ಬಂದು, “ಬಂದೆ ಅವ್ವ” ಎಂದೆ, ಕಿರುಚದೆ. ಅವರೆಕಾಯಿ ಸುಲಿಯುತ್ತಿದ್ದವಳು ತಲೆಯೆತ್ತಿದಳು.

“ಯಾಕಪ್ಪಾ, ದನಿ ಇಳಿದೈತೆ? ಏನಾತು?”

ಕಿರುಚುವ ದನಿಯಲ್ಲಿ ದಣಿವು ಕೇಳಿಸುವುದಿಲ್ಲ ನೋಡಿ. ನನ್ನದು ಅವಳಿಗೆ ಕೇಳಿಸದೆ ಎಷ್ಟು ಕಾಲವಾಗಿತ್ತೋ! ನಾನು ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯತೊಡಗಿದೆ. ಬಾಯಿ ತೆರೆದಿದ್ದರೆ ದನಿಯೊಳಗಿನ ಅಳುವೂ ಅವಳಿಗೆ ಕೇಳಿಸಿಬಿಡುತ್ತಿತ್ತು.