ರದ್ದಿ ಪುಸ್ತಕ ಓದಿ ಸುದ್ದಿ ಬರೆದದ್ದು

ಮದರಾಸು ಶಾಸನಸಭೆಗೆ ಚುನಾವಣೆ ಬಂದ ಆ ವರ್ಷ, ಸಂಕ್ರಾಂತಿಗೆ ಇನ್ನೂ ಹತ್ತು ದಿನ ಇರುವಾಗ, ರಾಯದುರ್ಗದ ವಕೀಲರೊಬ್ಬರ ಗುಮಾಸ್ತನಾದ ತಿಪ್ಪಯ್ಯನೆಂಬ ನಾನು ಬೆಳಗಿನ ಕಾಫಿ ಮುಗಿಸಿ ಎದ್ದು ನಿಂತು ಹೆಂಡತಿಗೆ ಘೋಷಿಸಿದೆ:

"ಇವತ್ತಿನಿಂದ ನಾನು ಬಾತ್ಮೀದಾರ. ಈ ಸೀಮೆಯ ರಾಜಕೀಯ ಇನ್ನು ಮೇಲೆ ನನ್ನ ಲೇಖನಿಯನ್ನು ಕೇಳಿ ನಡೆಯಬೇಕು."

ಪುಟ್ಟಕ್ಕ ನನ್ನ ಕೈಯಿಂದ ಲೋಟ ತೆಗೆದುಕೊಂಡಳು. "ಮೊದ್ಲು ಬಾಗ್ಲಿಂದ ಆ ಕಡೀಕೆ ಸರೀರಿ. ಲೋಟ ತೊಳೀಬೇಕು" ಎಂದಳು.

ಈ ತೀರ್ಮಾನ ಒಂದು ಬೆಳಗಿನದಲ್ಲ, ಎರಡು ವರ್ಷದ ತಪಸ್ಸಿನದು. ನಮ್ಮೂರ ಸಂತೆಬೀದಿಯಲ್ಲಿ ಪೆದ್ದಣ್ಣ ಎನ್ನುವವನು ಹಳೇ ಕಾಗದದ ವ್ಯಾಪಾರ ಇಟ್ಟಿದ್ದ. ಬಳ್ಳಾರಿಯ ಶಾಲೆ, ಕ್ಲಬ್ಬು, ತೀರಿಹೋದ ವಕೀಲರ ಮನೆ, ಎಲ್ಲೆಲ್ಲಿಂದಲೋ ಪುಸ್ತಕಗಳನ್ನು ಮೂಟೆಗಟ್ಟಲೆ ತಂದು, ಹಾಳೆ ಹರಿದು, ಬೆಲ್ಲಕ್ಕೂ ಕಡಲೆಕಾಯಿಗೂ ಪೊಟ್ಟಣ ಕಟ್ಟುವವರಿಗೆ ಮಾರುತ್ತಿದ್ದ. ನಾನು ಆ ಮೂಟೆಗಳಲ್ಲಿ ಕೈ ಹಾಕಿ, ಪತ್ರಿಕೆ, ಸಂಪಾದಕ, ರಾಜಕೀಯ ಭಾಷಣ ಎಂಬ ಮಾತು ಕಂಡ ಪುಸ್ತಕವನ್ನೆಲ್ಲ ಬೆಲ್ಲದ ಬಾಯಿಂದ ಬಿಡಿಸಿ ತರುತ್ತಿದ್ದೆ.

"ತಗೊಂಡು ಹೋಗ್ರಿ ಗುಮಾಸ್ತ್ರ" ಎನ್ನುತ್ತಿದ್ದ ಪೆದ್ದಣ್ಣ. "ನೀವು ಒಬ್ರ ನೋಡ್ರಿ, ಇದನ್ನ ಓದಾಕ ಅಂತ ಒಯ್ಯೋರು."

ಹೀಗೆ ಸೇರಿದವು ಮೂವತ್ತೊಂದು. ಹೆಚ್ಚಿನವು ಇಂಗ್ಲಿಷಿನವು, ಮೂರು ತೆಲುಗಿನವು, ಕನ್ನಡದ್ದು ಒಂದು. ಕೆಲವಕ್ಕೆ ತಲೆಯಿಲ್ಲ, ಕೆಲವಕ್ಕೆ ಬಾಲವಿಲ್ಲ. ಒಂದರಲ್ಲಿ ಹಿಂದಿನ ಮಾಲೀಕ ಯಾರೋ ಪುಟಪುಟಕ್ಕೂ ಪೆನ್ಸಿಲಿನಲ್ಲಿ "ಸುಳ್ಳು" ಎಂದು ಬರೆದಿದ್ದ. ಕೊನೆಯ ಪುಟದವರೆಗೂ ಬಿಡದೆ ಓದಿದ್ದವನೂ ಅವನೇ. ಪುಸ್ತಕಗಳು ಮೊದಲು ಗೂಡು ಹಿಡಿದವು, ಆಮೇಲೆ ರಾಗಿ ತುಂಬಿಡುವ ಮಣ್ಣಿನ ವಾಡೆಯ ಮೇಲೆ ಹತ್ತಿದವು, ಕೊನೆಗೆ ಪುಟ್ಟಕ್ಕನ ಸೀರೆಯ ಟ್ರಂಕಿಗೇ ನುಗ್ಗಿದವು.

"ಸುದ್ದಿ ಕಲಿಯಾಕೆ ರದ್ದಿ ತಂದು ತುಂಬ್ತಾ ಇದ್ದೀರಲ್ರೀ" ಎಂದಳು ಆ ದಿನ. "ಮದುವೇಲಿ ವರ ಆಗಿದ್ರಿ. ಈಗ ವರದಿಗಾರ ಆದ್ರಿ. ನನ್ ಸೀರೆ ಎಲ್ಲಿಡ್ಲಿ?"

ಬಳ್ಳಾರಿಯ ಒಂದು ವಾರಪತ್ರಿಕೆಗೆ ಅರ್ಜಿ ಹಾಕಿದೆ. ಸಂಪಾದಕ ಬಸವರಾಜು ಉತ್ತರ ಬರೆದರು: ರಾಯದುರ್ಗದ ಸುದ್ದಿ ನಮಗೆ ಬೇಕಾದಷ್ಟು ಬರುತ್ತದೆ, ಮಡಕಶಿರದ ಕಡೆಯಿಂದ ಯಾರೂ ಬರೆಯುವವರಿಲ್ಲ, ಅಲ್ಲಿಯದು ಕಳಿಸಿದರೆ ನೋಡೋಣ. ಮಡಕಶಿರ! ಅದರ ಪಕ್ಕದ ಹಳ್ಳಿಯೇ ನನ್ನ ಹೆಂಡತಿಯ ತವರು. ನನ್ನ ಮಾವ ಸಂಜೀವಪ್ಪನವರು ಅಲ್ಲಿಯ ಗ್ರಾಮ ಮುನಸೀಫರು, ಊರವರ ಬಾಯಲ್ಲಿ ಗೌಡರು, ಅಂದರೆ ಸರ್ಕಾರದ ಪರವಾಗಿ ಊರಿನ ಕಂದಾಯ ಎತ್ತುವವರು. ಇಂಥವರನ್ನು ಯಾವ ಊರು ಪ್ರೀತಿಸೀತು? ಅವರು ಬೀದಿಗೆ ಬಂದರೆ ಜಗಲಿ ಮೇಲಿದ್ದವರು ಮುಖ ತಿರುಗಿಸುತ್ತಿದ್ದರು.

ಆ ವಾರವೇ ಮಾವನವರ ಕಾಗದ ಬಂತು. ಬರುವ ಭಾನುವಾರ ಸಂಜೆ ಮಡಕಶಿರದ ಕೋಟೆಯ ಕೆಳಗೆ ಕಾಂಗ್ರೆಸ್ಸಿನವರ ದೊಡ್ಡ ಸಭೆ ಇದೆಯೆಂದೂ, ಸರ್ಕಾರದ ನೌಕರರು ಯಾರೂ ಆ ಕಡೆ ತಲೆ ಹಾಕಬಾರದೆಂದು ತಾಲ್ಲೂಕು ಕಚೇರಿಯಿಂದ ಹೇಳಿದ್ದಾರೆಂದೂ ಬರೆದಿದ್ದರು. ನಾನು ಮೊದಲಿನ ಸಾಲನ್ನು ಎರಡು ಸಲ ಓದಿದೆ. ಎರಡನೆಯದನ್ನು ಓದಿದೆನೋ ಇಲ್ಲವೋ, ಈಗಲೂ ನೆನಪಾಗುವುದಿಲ್ಲ.

ತೊಡಕು ಒಂದೇ. ಪತ್ರಿಕೆ ಸೋಮವಾರ ಹೊರಬೀಳುತ್ತಿತ್ತು, ವರದಿ ಶನಿವಾರದ ರೈಲಿಗೆ ಹೋಗಬೇಕು, ಸಭೆಯೋ ಭಾನುವಾರ. ನನ್ನ ಮೂವತ್ತೊಂದು ಗುರುಗಳನ್ನು ಕೇಳಿದೆ. ತಲೆಯಿಲ್ಲದ ಒಂದು ಇಂಗ್ಲಿಷ್ ಪುಸ್ತಕ ಉಪದೇಶ ಮಾಡಿತು: ಮುದ್ರಣದ ವೇಳೆ ಸಭೆಗಿಂತ ಮುಂಚೆ ಬಿದ್ದರೆ ಚಾಣಾಕ್ಷ ಬಾತ್ಮೀದಾರನು ವರದಿಯನ್ನು ಮುಂಗಡವಾಗಿಯೇ ಬರೆದಿಡತಕ್ಕದ್ದು, ಆದರೆ... ಅಲ್ಲಿಗೆ ಪುಟ ಮುಗಿದಿತ್ತು. ಮುಂದಿನ ಹಾಳೆ ಯಾರದೋ ಮನೆಗೆ ಬೆಲ್ಲದ ಜೊತೆ ಹೋಗಿಬಿಟ್ಟಿತ್ತು. 'ಆದರೆ' ಎನ್ನುವ ಮಾತಿಗೆ ನಾನು ಯಾವತ್ತೂ ಹೆಚ್ಚು ಮರ್ಯಾದೆ ಕೊಟ್ಟವನಲ್ಲ. ಬರೆಯಲು ಕೂತೆ.

ಎಂಥ ವರದಿ! ಜನಸಾಗರ ಉಕ್ಕಿತು, ಕೋಟೆಯ ಕಲ್ಲುಗಳು ಮಾರ್ದನಿಗೊಟ್ಟವು. ವರದಿಯಲ್ಲಿ ಸ್ಥಳೀಯರ ಹೆಸರು ಇರಲೇಬೇಕೆಂದು ಒಂದು ತೆಲುಗು ಪುಸ್ತಕ ಹೇಳಿತ್ತು. ನನಗೆ ಗೊತ್ತಿದ್ದ ಸ್ಥಳೀಯರು ಒಬ್ಬರೇ. ಅಪ್ಪನ ಹೆಸರು ಅಚ್ಚಿನಲ್ಲಿ ಕಂಡರೆ ಪುಟ್ಟಕ್ಕ ಟ್ರಂಕಿನ ಜಗಳ ಮರೆತಾಳು ಎಂಬ ದುರಾಸೆಯೂ ಇತ್ತು. ಹೀಗೆ ಬರೆದೆ: "ಆಗ ಗ್ರಾಮ ಮುನಸೀಫರಾದ ಶ್ರೀಮಾನ್ ಸಂಜೀವಪ್ಪನವರು ಜನಸಂದಣಿಯನ್ನು ಸೀಳಿಕೊಂಡು ವೇದಿಕೆಯನ್ನೇರಿ, ಭಾಷಣಕಾರರಿಗೆ ಹಾರ ಹಾಕಿ, 'ನನ್ನ ಕೈಯ ಕೋಲು ಸರ್ಕಾರದ್ದು, ನನ್ನ ಎದೆ ಜನರದ್ದು' ಎಂದು ಗರ್ಜಿಸಿದರು."

ಮಂಗಳವಾರ ಪತ್ರಿಕೆ ಕೈಗೆ ಬಂತು. ಪುಟ್ಟಕ್ಕನನ್ನು ಕೂರಿಸಿ ಓದಿದೆ.

"ಅಪ್ಪ ಅಂಗಂದ್ರಾ?" ಎಂದು ಕೇಳಿದಳು.

"ಅಂದಿರಬೇಕು."

"ನೀವು ಶನಿವಾರ ಭಾನುವಾರ ಇಲ್ಲೇ ಇದ್ರಲ್ಲ."

"ಬಾತ್ಮೀದಾರ ಎಲ್ಲ ಕಡೆಯೂ ಇರುತ್ತಾನೆ" ಎಂದೆ.

ಅವಳಿಗೆ ಓದು ಬಾರದು. ಅಪ್ಪನ ಹೆಸರು ಎಲ್ಲಿದೆ ಎಂದು ನನ್ನಿಂದ ತೋರಿಸಿಕೊಂಡು, ಆ ಅಕ್ಷರಗಳ ಮೇಲೆ ಬೆರಳಾಡಿಸಿ, ಹಾಳೆಯನ್ನು ಮಡಿಸಿ ಟ್ರಂಕಿನಲ್ಲಿ ಇಟ್ಟುಕೊಂಡಳು. ಆ ಮೂರು ದಿನ ನಾನು ನೆಲದಿಂದ ಒಂದು ಗೇಣು ಮೇಲೆಯೇ ನಡೆದೆ.

ಶುಕ್ರವಾರ ಅತ್ತೆ ಓಬಕ್ಕನವರು ಯಾರಿಂದಲೋ ಬರೆಸಿದ ಕಾಗದ ಬಂತು. "ನಿಮ್ಮ ಮಾವ ಭಾನುವಾರ ಸಂಜೆ ಬಾಗಿಲು ಹಾಕಿಕೊಂಡು ಮನೆಯಲ್ಲೇ ಇದ್ದರು. ಪೇಪರಿನಲ್ಲಿ ಹೀಗೆ ಬಂದದ್ದಕ್ಕೆ ಕಚೇರಿಯವರು ಕೆಲಸದಿಂದ ಯಾಕೆ ತೆಗೆಯಬಾರದು, ಬರುವ ಗುರುವಾರದೊಳಗೆ ಹೇಳಿ ಎಂದು ನೋಟೀಸು ಕೊಟ್ಟಿದ್ದಾರೆ. ಅವರು ನನ್ನ ಹತ್ತಿರ ಏನೂ ಮಾತಾಡುತ್ತಿಲ್ಲ. ಬೇಗ ಬನ್ನಿ."

ನಾನು ಓದಿ ಮುಗಿಸಿದ ಮೇಲೆ ಪುಟ್ಟಕ್ಕ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಿಮ್ ಪುಸ್ತಕ್ದಾಗೆ ಇದಕ್ಕೇನ್ ಬರ್ದವ್ರೆ, ನೋಡಿ ಹೇಳ್ರಿ" ಎಂದಳು, ಅಷ್ಟೇ.

ಮರುದಿನ ಬೆಳಗಿನ ರೈಲಿಗೆ ಬಳ್ಳಾರಿಗೆ ಓಡಿದೆ. ಬಸವರಾಜು ಅವರೆದುರು ಕೈಕಟ್ಟಿ ನಿಂತು ಎಲ್ಲವನ್ನೂ ಒಪ್ಪಿಕೊಂಡೆ.

"ಸಭಾಕ್ಕ ಹೋಗಿರಲೇ ಇಲ್ಲೇನ್ರಿ?"

"ಇಲ್ಲ."

"ಮತ್ತ ಆ ಗರ್ಜನಿ?"

"ಅದು ನನ್ನದು." ಮುಂಗಡ ವರದಿಯ ಉಪದೇಶವನ್ನೂ, ಹರಿದುಹೋದ ಹಾಳೆಯನ್ನೂ ಹೇಳಿದೆ.

ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಸಭಾ ಆತು ಅಂತ ಖಾತ್ರಿ ಆಗೋತನಕ ಅದನ್ನ ಅಚ್ಚಿಗೆ ಕೊಡಬ್ಯಾಡ ಅಂತ ಇರತದ ಆ ಹಾಳ್ಯಾಗ. ಇಷ್ಟು ತಿಳಿಯಾಕ ಪುಸ್ತಕ ಯಾಕ ಬೇಕ್ರಿ?" ಎಂದರು. ದೊಡ್ಡ ಮನುಷ್ಯ, ತಿದ್ದುಪಡಿ ಹಾಕಲು ಒಪ್ಪಿದರು. "ಎರಡು ಸಾಲು ಸಾಕು. ಅವರು ಬಂದಿರಲಿಲ್ಲ, ತಪ್ಪಾತು, ಅಷ್ಟ ಬರೀರಿ."

ಎರಡು ಸಾಲಿಗೆ ಮಾವನವರ ಕೆಲಸ ಉಳಿದೀತೇ? ನನಗೆ ನಂಬಿಕೆ ಬರಲಿಲ್ಲ. ಹನ್ನೆರಡು ಸಾಲು ಬರೆದೆ. "ಸಂಜೀವಪ್ಪನವರು ಅಂಥ ಸಭೆಗಳ ನೆರಳನ್ನೂ ತುಳಿಯುವವರಲ್ಲ. ಆ ಸಂಜೆ ಅವರು ಮನೆಯ ಬಾಗಿಲು ಭದ್ರಪಡಿಸಿಕೊಂಡು ಒಳಗೇ ಇದ್ದರೆಂದು ಅವರ ಧರ್ಮಪತ್ನಿಯವರೇ ತಿಳಿಸಿರುತ್ತಾರೆ. ಸರ್ಕಾರದ ಮೇಲಿನ ಭಯಭಕ್ತಿಯಲ್ಲಿ ಅವರನ್ನು ಸರಿಗಟ್ಟುವವರು ಆ ತಾಲ್ಲೂಕಿನಲ್ಲಿಲ್ಲ." ಬಸವರಾಜು ಓದಿ, ಮತ್ತೊಮ್ಮೆ ನನ್ನ ಮುಖ ನೋಡಿ, ಹಾಗೆಯೇ ಅಚ್ಚಿಗೆ ಕಳಿಸಿದರು. ಸೋಮವಾರ ಅಚ್ಚಾದ ಕೂಡಲೇ ಮಡಕಶಿರದ ಕಚೇರಿಗೆ ಒಂದು ಪ್ರತಿಯನ್ನು ಅಂಚೆಗೆ ಹಾಕಲು ಕೇಳಿಕೊಂಡು ಬಂದೆ.

ಮಂಗಳವಾರ ಗಂಡ ಹೆಂಡತಿ ಮೋಟಾರು ಹತ್ತಿದೆವು. ಕಲ್ಯಾಣದುರ್ಗದಲ್ಲಿ ಇಳಿದು ಇನ್ನೊಂದು, ಪಾವಗಡದಲ್ಲಿ ತಂಗಿ ಮತ್ತೊಂದು. ಬುಧವಾರ ಮಧ್ಯಾಹ್ನ ಮೈಯೆಲ್ಲ ಕೆಂಪು ಧೂಳಾಗಿ ಊರು ತಲುಪಿದೆವು.

ಮಾವನ ಮನೆಯ ಮುಂದೆ ಜನ ಸೇರಿದ್ದರು. ಏನೋ ಆಗಬಾರದ್ದು ಆಗಿದೆ ಎಂದುಕೊಂಡೆ. ಹತ್ತಿರ ಹೋದರೆ, ಸಂಜೀವಪ್ಪನವರು ಜಗಲಿಯ ಮೇಲೆ ನೆಟ್ಟಗೆ ಕೂತಿದ್ದಾರೆ. ಸುತ್ತ ಹತ್ತು ಹದಿನೈದು ಜನ. ಈರಕ್ಕ ಎನ್ನುವ ನೆರೆಯಾಕೆ ಮಜ್ಜಿಗೆಯ ಗಡಿಗೆ ಹೊತ್ತು ತಂದು ಅವರ ಮುಂದೆ ಇಳಿಸುತ್ತಿದ್ದಾಳೆ. ವರ್ಷಗಟ್ಟಲೆ ಅವರ ಮುಖ ನೋಡದಿದ್ದ ಬೊಮ್ಮಯ್ಯ ಎಲ್ಲರಿಗೂ ಹೇಳುತ್ತಿದ್ದಾನೆ: "ಗೌಡ್ರು ಮೇಲಕ್ಕೆ ಹತ್ತುವಾಗ ಕೋಲು ನನ್ ಕೈಗೇ ಕೊಟ್ರು ಕಣ್ರಪ್ಪ. ನಾನೇ ಇಡ್ಕೊಂಡಿದ್ದೆ."

ಸಭೆಗೆ ಹೋಗಿದ್ದವರೆಲ್ಲ ಅವರನ್ನು ವೇದಿಕೆಯ ಮೇಲೆ ಕಂಡಿದ್ದರು! ಪೇಪರಿನಲ್ಲಿ ಬಂದಿತ್ತಲ್ಲ, ಕಾಣದೆ ಇರಲು ಸಾಧ್ಯವೇ?

ಮಾವ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಕಾಲಿಗೆ ಬೀಳಲು ಬಗ್ಗಿದೆ. ತೋಳು ಹಿಡಿದು ಎತ್ತಿದರು.

"ಮೊದ್ಲು ಓದ್ದಾಗ ನಿನ್ ಕಾಲು ಮುರೀಬೇಕು ಅನ್ನುಸ್ತು ಕಣಪ್ಪ" ಎಂದರು. "ನಿಮ್ಮತ್ತೆಗೆ ಗೊತ್ತಿಲ್ಲ, ಸಭೆ ದಿನ ನಾನು ಕೆರೆ ಏರಿಗಂಟ ಹೋಗಿದ್ದೆ. ಚಪ್ಪಾಳೆ ಕೇಳುಸ್ತಾ ಇತ್ತು. ಯಾರಾನಾ ನೋಡಿ ಕಚೇರಿಗೆ ಹೇಳಿಬಿಟ್ರೆ ಅಂತ ಹೆದರ್ಕೊಂಡು ವಾಪಸ್ ಬಂದು ಬಾಗ್ಲು ಹಾಕ್ಕೊಂಡೆ. ಆಮ್ಯಾಕೆ ನಿನ್ ಪೇಪರ್ ಬಂತು. ಸಂಜೆ ಬೀದಿಗೆ ಹೋದೆ. ಕೂತಿದ್ದೋರು ಎದ್ದು ನಿಂತ್ರು. ಇಪ್ಪತ್ತೆರಡು ವರ್ಷ ಆಯ್ತು ಈ ಕೆಲ್ಸಕ್ಕೆ ಸೇರಿ, ಒಬ್ಬ ಎದ್ದಿರಲಿಲ್ಲ."

ಅಂಗಿಯ ಜೇಬಿನಿಂದ ಒಂದು ಕಾಗದ ತೆಗೆದು ತೋರಿಸಿದರು. ನೋಟೀಸಿಗೆ ಉತ್ತರ. 'ಸಭೆಗೆ ಹೋಗಿದ್ದು ನಿಜ. ಹಾರ ಹಾಕಿದ್ದು ನಿಜ' ಎಂದಿತ್ತು, ಕೆಳಗೆ ಸಹಿ.

"ನಾಳೆ ಬೆಳಿಗ್ಗೆ ಹೋಗಿ ಕೊಡ್ತೀನಿ. ಕೆಲ್ಸ ಹೋದ್ರೆ ಹೋಗ್ಲಿ. ನೀನು ಮಾತ್ರ ಏನೂ ಮಾಡಾಕೆ ಹೋಗ್ಬೇಡ."

ತಿದ್ದುಪಡಿ ಆಗಲೇ ಅಚ್ಚಾಗಿಹೋಗಿತ್ತು. ಹೇಳಲೇಬೇಕು ಎಂದು ಬಾಯಿ ತೆರೆಯುವಷ್ಟರಲ್ಲಿ ಜಗಲಿಯ ಕಡೆಯಿಂದ ಕೂಗು ಕೇಳಿತು. "ಟಪ್ಪಾಲು ಬಂತು! ಪೇಪರ್ ಬಂದೈತೆ. ಬರ್ದಿರೋ ಅಳಿಯಂದ್ರೇ ಐದಾರೆ, ಅವ್ರೇ ಓದ್ಲಿ." ಹಿಂದಿನ ವಾರದ ವರದಿ ನೋಡಿ ಊರವರು ಸೇರಿ ಪತ್ರಿಕೆ ತರಿಸತೊಡಗಿದ್ದರಂತೆ.

ಓದಿದೆ. ಕಡಲೆಕಾಯಿಯ ಧಾರಣೆ ಓದಿದೆ. ಕೂದಲೆಣ್ಣೆಯ ಜಾಹೀರಾತು ಓದಿದೆ. ಜರ್ಮನಿಯ ಸಮಾಚಾರ ಓದಿದೆ. ಧಾರಣೆಯನ್ನು ಎರಡನೇ ಸಲ ಓದತೊಡಗಿದಾಗ ಬೊಮ್ಮಯ್ಯ, "ಗೌಡ್ರ ಹೆಸರು ಇಲ್ಲಿ ಕಾಣ್ತೈತಲ್ಲ" ಎಂದು ಕೈಯಿಂದ ಹಾಳೆ ತೆಗೆದುಕೊಂಡ. ಅವನಿಗೆ ಅಕ್ಷರ ಕೂಡಿಸಿ ಓದಲು ಬರುತ್ತಿತ್ತು. ಕೂಡಿಸಿ ಕೂಡಿಸಿ, ಹನ್ನೆರಡು ಸಾಲನ್ನೂ, ಗಟ್ಟಿಯಾಗಿ ಓದಿದ. 'ಬಾಗಿಲು ಭದ್ರಪಡಿಸಿಕೊಂಡು' ಎನ್ನುವಲ್ಲಿ ತಡವರಿಸಿ ಎರಡು ಸಲ ಓದಿದ.

ಯಾರೂ ನಗಲಿಲ್ಲ. ಒಬ್ಬನಿಗೆ ಎಮ್ಮೆ ಕಟ್ಟುವುದು ನೆನಪಾಯಿತು, ಇನ್ನೊಬ್ಬನಿಗೆ ಹೊಲ. ಈರಕ್ಕ ಗಡಿಗೆಯನ್ನು ನೋಡಿದಳು, ಮಾವನವರನ್ನು ನೋಡಿದಳು, ಗಡಿಗೆ ಎತ್ತಿಕೊಂಡು ಹೋದಳು. ಕೊನೆಗೆ ಉಳಿದ ಬೊಮ್ಮಯ್ಯ ಹಾಳೆಯನ್ನು ಜೋಪಾನವಾಗಿ ಮಡಿಸಿ ಇಟ್ಟ. "ಅಂಗಾದ್ರೆ ಆವತ್ತು ಕೋಲು ಕೊಟ್ಟೋರು ಬೇರೆ ಯಾರೋ ಇರ್ಬೇಕು" ಎಂದು ಹೇಳಿ ಇಳಿದು ಹೋದ.

ಸಂಜೀವಪ್ಪನವರು ಖಾಲಿ ಜಗಲಿಯ ಮೇಲೆ ಬಹಳ ಹೊತ್ತು ಕೂತಿದ್ದರು. ಪುಟ್ಟಕ್ಕ ಹೋಗಿ ಪಕ್ಕದಲ್ಲಿ ಕೂತಳು. ಸಂಜೆ ಕಚೇರಿಯ ಜವಾನ ಬಂದು, ಪತ್ರಿಕೆಯ ತಿದ್ದುಪಡಿ ತಲುಪಿದೆ, ನೋಟೀಸು ರದ್ದಾಗಿದೆ, ಕೆಲಸ ಮುಂದುವರಿಸಬಹುದು ಎಂದು ಹೇಳಿಹೋದ. ಸಂತೋಷಪಟ್ಟವರು ಅತ್ತೆ ಒಬ್ಬರೇ. ಅಳಿಯ ಮನೆ ಉಳಿಸಿದನೆಂದು ನನಗೆ ಎರಡು ಒಬ್ಬಟ್ಟು ಹೆಚ್ಚಿಗೆ ಬಡಿಸಿದರು. ಅಂಥ ರುಚಿಯ ಒಬ್ಬಟ್ಟನ್ನು ನಾನು ಎಲೆಯಲ್ಲೇ ಬಿಟ್ಟು ಎದ್ದದ್ದು ಅದೊಂದೇ ಸಲ.

ಮರುದಿನ ಬೆಳಿಗ್ಗೆ ಮಾವ ನಮ್ಮನ್ನು ಮೋಟಾರಿನವರೆಗೆ ಕಳಿಸಲು ಬಂದರು. ಬೀದಿಯಲ್ಲಿ ಎರಡೂ ಕಡೆ ಜಗಲಿಗಳ ಮೇಲೆ ಜನ ಕೂತಿದ್ದರು. ಕೂತೇ ಇದ್ದರು. ರಸ್ತೆಗೆ ಬಂದು ನಿಂತ ಮೇಲೆ ನಾನು, "ನನ್ನದು ತಪ್ಪಾಯಿತು, ನಿಮ್ಮನ್ನು ಒಂದು ಮಾತು ಕೇಳದೆ..." ಎಂದು ತೊಡಗಿದೆ.

"ನಿಂದೇನ್ ತಪ್ಪಪ್ಪ" ಎಂದರು ಅವರು, ರಸ್ತೆಯ ಕಡೆಗೇ ನೋಡುತ್ತ. "ಮೊದಲ್ನೇ ವಾರ ನನ್ನ ಧೈರ್ಯವಂತ ಅಂತ ಬರ್ದೆ, ಅದು ಸುಳ್ಳು. ಎರಡ್ನೇ ವಾರ ಬಾಗ್ಲು ಹಾಕ್ಕೊಂಡು ಕೂತಿದ್ದ ಅಂತ ಬರ್ದೆ, ಅದು ನಿಜ. ನಿನ್ ಮೇಲೆ ಸಿಟ್ಟು ಮಾಡ್ಕೊಳಾಕೆ ನನಗೆ ಜಾಗನೇ ಇಲ್ಲ."

ಮೋಟಾರು ಬಂದು ನಿಂತಿತು. ಪುಟ್ಟಕ್ಕನ ಗಂಟನ್ನು ಅವರೇ ಎತ್ತಿ ಮೇಲಕ್ಕೆ ಕೊಟ್ಟರು. ಆಮೇಲೆ ನನ್ನ ಹತ್ತಿರಕ್ಕೆ ಬಂದು, ಮಗಳಿಗೆ ಕೇಳಿಸದಂತೆ ಹೇಳಿದರು:

"ಇನ್ನೊಂದು ದಿನ ಸುಮ್ಕಿದ್ದಿದ್ರೆ, ಆ ಮೊದಲ್ನೇದುನ್ನ ನಾನೇ ನಿಜ ಮಾಡ್ತಿದ್ದೆ ಕಣಪ್ಪ."